ಗಣಕಯಂತ್ರಕ್ಕೂ ಕಿಲುಬು



ನಿಮ್ಮ ಮನೆಯ ಅಟ್ಟದ ಮೇಲೋ ಬೀರುವಿನ ಮೂಲೆಯಲ್ಲೋ ಒಂದು ಹಳೆಯ ಟಾರ್ಚ್ ಇದ್ದೇ ಇರುತ್ತದೆ. ಅದನ್ನು ಕೆಳಗಿಳಿಸಿ, ಮುಚ್ಚಳ ತಿರುಗಿಸಿ ನೋಡಿ. ಹಲವು ಸಲ ಮುಚ್ಚಳ ತಿರುಗುವುದೇ ಇಲ್ಲ. ಒಳಗಿನ ಶೆಲ್ಲು ಊದಿಕೊಂಡು ಕೊಳವೆಗೆ ಕಚ್ಚಿಕೊಂಡಿರುತ್ತದೆ. ಸ್ಪ್ರಿಂಗಿನ ಮೇಲೆ ಬಿಳಿಯ ಪುಡಿ, ಹಿತ್ತಾಳೆಯ ಅಂಚಿನಲ್ಲಿ ಹಸಿರು ಕಿಲುಬು. "ಶೆಲ್ಲು ನೀರು ಬಿಟ್ಟಿದೆ" ಎನ್ನುತ್ತಾರೆ ಮನೆಯವರು. ಈ ಟಾರ್ಚ್ ಬಳಸಿ ಬಳಸಿ ಸವೆದದ್ದಲ್ಲ, ಬಳಸದೆ ಇಟ್ಟಿದ್ದರಿಂದ ಕೆಟ್ಟದ್ದು.

ಟಾರ್ಚ್ ಹೋದರೆ ಇನ್ನೊಂದನ್ನು ತರಬಹುದು. ಆದರೆ ಇದೇ ಸಂಗತಿ ಒಂದು ಹಳೆಯ ಗಣಕಯಂತ್ರದೊಳಗೆ ನಡೆದರೆ? ಆ ಯಂತ್ರದಲ್ಲಿ ಮಾತ್ರ ಓದಲು ಬರುವ ಬರಹಗಳಿದ್ದರೆ? ನಮ್ಮ ವಿಜ್ಞಾನ ಮಾತುಕತೆಯ ಚಿತ್ರೀಕರಣಕ್ಕೆಂದು ನಂಜನಗೂಡಿಗೂ ಟಿ. ನರಸೀಪುರಕ್ಕೂ ಹೋಗಿದ್ದಾಗ ಈ ಪ್ರಶ್ನೆ ನಮಗೆ ಕಣ್ಣಾರೆ ಎದುರಾಯಿತು. ಪರದೆಯ ಮೇಲೆ ಕೆಲವೇ ನಿಮಿಷಗಳಲ್ಲಿ ಹೇಳಿ ಮುಗಿಸಬೇಕಾದ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎರಡು ಊರು, ಎರಡು ಯಂತ್ರ

ಟಿ. ನರಸೀಪುರದ ಒಂದು ಶಿಕ್ಷಣ ಸಂಸ್ಥೆಯ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಹಿಂದೆ, ಒಂದು 386 ಗಣಕಯಂತ್ರವಿತ್ತು. ತೊಂಬತ್ತರ ದಶಕದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಸುತ್ತಲಿನ ಹಳ್ಳಿಗಳಿಗೆ ಹೋಗಿ ಕೆರೆ, ಕಟ್ಟೆ, ಹೊಲಗಳ ಹೆಸರುಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಹಿರಿಯರಿಂದ ಕೇಳಿ ಬರೆದುಕೊಂಡಿದ್ದರು. ಅದೆಲ್ಲವನ್ನೂ ಆ ಯಂತ್ರದಲ್ಲಿ ಕನ್ನಡದಲ್ಲೇ ಬೆರಳಚ್ಚು ಮಾಡಲಾಗಿತ್ತು. ಹೇಳಿದ ಹಿರಿಯರಲ್ಲಿ ಹೆಚ್ಚಿನವರು ಇಂದು ಇಲ್ಲ. ಕೈಬರಹದ ಹಾಳೆಗಳನ್ನು ಗೆದ್ದಲು ತಿಂದಿತ್ತು.

ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆವು. ಮದರ್‌ಬೋರ್ಡಿನ ಒಂದು ಮೂಲೆ ಸಮುದ್ರದಿಂದ ಎತ್ತಿ ತಂದ ನಾಣ್ಯದಂತೆ ಹಸಿರುಗಟ್ಟಿತ್ತು. ಆ ಹಸಿರಿನ ನಡುವೆ, ನೀಲಿ ಪ್ಲಾಸ್ಟಿಕ್ ಹೊದಿಕೆಯ, ಹೆಬ್ಬೆರಳಿನಷ್ಟು ದಪ್ಪದ ಬ್ಯಾಟರಿಯೊಂದು ಕುಳಿತಿತ್ತು. ಅದರ ಸುತ್ತಲಿನ ತಾಮ್ರದ ಗೆರೆಗಳು ಕರಗಿಹೋಗಿದ್ದವು. ಯಂತ್ರ ಜೀವ ಹಿಡಿಯಲಿಲ್ಲ.

ಅದೇ ವಾರ ನಂಜನಗೂಡಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋದೆವು. ಅವರಲ್ಲೂ ಅದೇ ಕಾಲದ 386 ಯಂತ್ರ. 2003ರಲ್ಲಿ ಬಟ್ಟೆ ಹೊದಿಸಿ ಎತ್ತಿಟ್ಟದ್ದು. ಮುಚ್ಚಳ ತೆಗೆದರೆ ಬೋರ್ಡು ಹೊಸದರಂತೆ ಹೊಳೆಯುತ್ತಿತ್ತು. ಬ್ಯಾಟರಿ ಇರಬೇಕಾದ ಜಾಗದಲ್ಲಿ ಕತ್ತರಿಸಿದ ಎರಡು ತಂತಿಯ ತುದಿಗಳು ಮಾತ್ರ. ಮುಚ್ಚಳದ ಒಳಗಡೆ ಒಂದು ಚೀಟಿ ಅಂಟಿಸಿ, ಅದರಲ್ಲಿ ಕೆಲವು ಅಂಕಿಗಳನ್ನು ಬರೆದಿದ್ದರು.

"ಟಾರ್ಚಿನಲ್ಲಿ ಶೆಲ್ಲು ಬಿಟ್ಟು ಒಂದು ಸಲ ಬುದ್ಧಿ ಕಲಿತಿದ್ದೆ ಕಣಪ್ಪ. ಇದರಲ್ಲಿ ಇರೋದೂ ಶೆಲ್ಲೇ ತಾನೆ ಅಂತ ಕಿತ್ತುಹಾಕಿದೆ" ಎಂದರು ಮೇಷ್ಟ್ರು.

ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಇಷ್ಟೇ: ಹತ್ತು ನಿಮಿಷದ ಒಂದು ಕೆಲಸ. ಅದನ್ನು ಏಕೆ ಮಾಡಬೇಕು, ಹೇಗೆ ಮಾಡಬೇಕು ಎಂಬುದೇ ಈ ಲೇಖನದ ವಿಷಯ.

ಆರಿಸಿದ ಯಂತ್ರಕ್ಕೆ ಬ್ಯಾಟರಿ ಏಕೆ?

ಗಣಕಯಂತ್ರ ಗೋಡೆಯ ವಿದ್ಯುತ್ತಿನಿಂದ ನಡೆಯುತ್ತದೆ. ಆದರೆ ಸ್ವಿಚ್ ಆರಿಸಿದ ಮೇಲೂ ಅದು ಎರಡು ವಿಷಯಗಳನ್ನು ನೆನಪಿಟ್ಟುಕೊಳ್ಳಬೇಕು. ಒಂದು, ದಿನಾಂಕ ಮತ್ತು ವೇಳೆ. ಎರಡು, ತನ್ನೊಳಗೆ ಯಾವ ಯಾವ ಭಾಗಗಳಿವೆ ಎಂಬ ವಿವರ.

1984ರಲ್ಲಿ ಐಬಿಎಂ ಕಂಪನಿ ಹೊರತಂದ 'ಪಿಸಿ ಎಟಿ' ಮಾದರಿಯಲ್ಲಿ ಇದಕ್ಕೆಂದೇ ಒಂದು ಪುಟ್ಟ ಗಡಿಯಾರದ ಚಿಪ್ ಇತ್ತು. ಅದರ ಸ್ಮರಣಶಕ್ತಿ ಕೇವಲ 64 ಬೈಟ್. ನೀವು ಈಗ ಓದುತ್ತಿರುವ ಪುಟದ ಒಂದು ಉದ್ದ ವಾಕ್ಯವೂ ಅದರಲ್ಲಿ ಹಿಡಿಯದು. ಆದರೂ ಗಟ್ಟಿತಟ್ಟೆ, ಅಂದರೆ ಹಾರ್ಡ್ ಡಿಸ್ಕ್, ಯಾವ ಅಳತೆಯದು ಎಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುತ್ತಿದ್ದುದು ಅಲ್ಲಿಯೇ. ಈ ಚಿಪ್ಪಿಗೆ ಬೇಕಾಗುವ ವಿದ್ಯುತ್ತು ಅತ್ಯಲ್ಪ. ಒಂದು ಸಣ್ಣ ಬ್ಯಾಟರಿ ಸಾಕು.

ಗಮನಿಸಿ: ಐಬಿಎಂನ ಆ ಮೊದಲ ಎಟಿ ಯಂತ್ರದಲ್ಲಿ ಬ್ಯಾಟರಿಯನ್ನು ತಂತಿಯ ತುದಿಗೆ ಕಟ್ಟಿ ಬೋರ್ಡಿನಿಂದ ದೂರ ಇಟ್ಟಿದ್ದರು. ಆಮೇಲೆ ಬಂದ 286, 386, 486 ಯಂತ್ರಗಳನ್ನು ತಯಾರಿಸಿದ ಹಲವರು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿನ ಮೇಲೆಯೇ ಬೆಸುಗೆ ಹಾಕಿಬಿಟ್ಟರು. ಅಮಿಗಾ 2000, ಅಮಿಗಾ 500 ಪ್ಲಸ್ ಮುಂತಾದ ಯಂತ್ರಗಳಲ್ಲೂ ಹೀಗೇ. ಅಗ್ಗವಾಯಿತು, ಜೋಡಣೆ ಸುಲಭವಾಯಿತು. ಮೂವತ್ತು ವರ್ಷದ ನಂತರ ಏನಾದೀತು ಎಂದು ಆಗ ಯಾರೂ ಯೋಚಿಸಿರಲಿಲ್ಲ.

ಎಲ್ಲ ಹಳೆಯ ಯಂತ್ರಗಳಲ್ಲೂ ಬ್ಯಾಟರಿ ಇರುವುದಿಲ್ಲ. ನಮ್ಮ ದೇಶದ ಶಾಲೆಗಳಿಗೆ ಗಣಕಶಿಕ್ಷಣ ತಂದ 'ಕ್ಲಾಸ್' ಯೋಜನೆ 1984ರಲ್ಲಿ ಆರಂಭವಾದಾಗ ಕೊಟ್ಟದ್ದು ಬಿಬಿಸಿ ಮೈಕ್ರೋ ಎಂಬ ಯಂತ್ರ. 32 ಕಿಲೋಬೈಟ್ ಸ್ಮರಣೆಯ ಅದರಲ್ಲಿ ಇಂಥ ಬ್ಯಾಟರಿ ಇರಲಿಲ್ಲ. ಅದರ ತಮ್ಮನಂತೆ 1986ರಲ್ಲಿ ಬಂದ ಬಿಬಿಸಿ ಮಾಸ್ಟರ್‌ನಲ್ಲಿ ಇತ್ತು. ಆದ್ದರಿಂದ ಮುಚ್ಚಳ ಬಿಚ್ಚಿ ನೋಡುವವರೆಗೆ ಯಾವುದನ್ನೂ ಊಹಿಸಬೇಡಿ.

ಶೆಲ್ಲು ಸೋರುವುದು ಏಕೆ?

ಪ್ರತಿಯೊಂದು ಶೆಲ್ಲಿನಲ್ಲೂ ಎರಡು ಬೇರೆ ಬೇರೆ ವಸ್ತುಗಳು ಮತ್ತು ಅವುಗಳ ನಡುವೆ ಒಂದು ವಿದ್ಯುದ್ವಿಭಾಜ್ಯ ಇರುತ್ತವೆ. ವಿದ್ಯುದ್ವಿಭಾಜ್ಯವೆಂದರೆ ಅಯಾನುಗಳನ್ನು ಹಾಯಗೊಡುವ ದ್ರಾವಣ. ಅದು ಯಾವ ಬಗೆಯದು ಎಂಬುದರ ಮೇಲೆ ಹಾನಿಯ ಬಗೆಯೂ ನಿಂತಿದೆ.

ಟಾರ್ಚಿನ ಅಗ್ಗದ ಸತು-ಇಂಗಾಲದ ಶೆಲ್ಲಿನಲ್ಲಿ ಹೊರಗಿನ ಸತುವಿನ ಡಬ್ಬಿಯೇ ಋಣಾಗ್ರ. ವಿದ್ಯುತ್ತು ಕೊಡುತ್ತಾ ಕೊಡುತ್ತಾ ಡಬ್ಬಿ ತನ್ನನ್ನೇ ತಿಂದುಕೊಳ್ಳುತ್ತದೆ. ಗೋಡೆ ತೂತಾದಾಗ ಒಳಗಿನ ಅಮೋನಿಯಂ ಕ್ಲೋರೈಡ್ ಅಥವಾ ಸತುವಿನ ಕ್ಲೋರೈಡ್ ದ್ರಾವಣ ಹೊರಬರುತ್ತದೆ. ಇವು ಸ್ವಲ್ಪ ಆಮ್ಲೀಯ.

'ಆಲ್ಕಲೈನ್' ಎಂದು ಬರೆದಿರುವ ಶೆಲ್ಲುಗಳಲ್ಲೂ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯಲ್ಲೂ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಅಂದರೆ ತೀಕ್ಷ್ಣ ಕ್ಷಾರ. ಆಲ್ಕಲೈನ್ ಶೆಲ್ಲಿನಲ್ಲಿ ಸತುವಿನ ಪುಡಿ ಈ ಕ್ಷಾರದೊಡನೆ ನಿಧಾನವಾಗಿ ವರ್ತಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ವರ್ಷಗಳು ಕಳೆದಂತೆ ಒತ್ತಡ ಏರಿ ಮುದ್ರೆ ಬಿಟ್ಟುಕೊಳ್ಳುತ್ತದೆ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯಲ್ಲಿ 1.2 ವೋಲ್ಟಿನ ಮೂರು ಶೆಲ್ಲುಗಳನ್ನು ಸಾಲಾಗಿ ಸೇರಿಸಿ 3.6 ವೋಲ್ಟ್ ಮಾಡಿರುತ್ತಾರೆ. ಮೂರರಲ್ಲಿ ದುರ್ಬಲವಾದದ್ದು ಮೊದಲು ಬರಿದಾಗುತ್ತದೆ. ಉಳಿದೆರಡು ಅದರ ಮೂಲಕ ತಿರುವುಮುರುವಾಗಿ ವಿದ್ಯುತ್ತು ಹಾಯಿಸುತ್ತವೆ. ಅಲ್ಲೂ ಅನಿಲ, ಅಲ್ಲೂ ಒತ್ತಡ. ಇದರ ಜೊತೆಗೆ ಕ್ಷಾರಕ್ಕೆ ಲೋಹದ ಮೇಲ್ಮೈಯನ್ನು ಹಿಡಿದು ತೆವಳುವ ಗುಣವಿದೆ. ಹೀಗಾಗಿ ಮುದ್ರೆಯ ಸಣ್ಣ ಸಂದಿಯಿಂದಲೂ ಅದು ದಾರಿ ಮಾಡಿಕೊಳ್ಳುತ್ತದೆ.

ಹೊರಬಂದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಪೊಟ್ಯಾಸಿಯಂ ಕಾರ್ಬೊನೇಟ್ ಆಗುತ್ತದೆ. ನಾವು ನೋಡುವ ಬಿಳಿಯ ಪುಡಿ ಇದೇ. ಎರಡಕ್ಕೂ ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವವಿದೆ. ಕಪಿಲೆಯ ದಡದ ಊರುಗಳಲ್ಲಿ ಮಳೆಗಾಲದ ತೇವ ಎಷ್ಟೆಂದು ಅಲ್ಲಿನವರಿಗೆ ಹೇಳಬೇಕಿಲ್ಲ. 2019ರ ಆಗಸ್ಟಿನಲ್ಲಿ ನದಿ ಉಕ್ಕಿ ಮೈಸೂರು-ನಂಜನಗೂಡು ರಸ್ತೆಯನ್ನೇ ಮುಳುಗಿಸಿತ್ತು. ಅಂಥ ದಿನಗಳಲ್ಲಿ ನೆಲದ ಮೇಲಿಟ್ಟ ಮುಚ್ಚಿದ ಪೆಟ್ಟಿಗೆಯೊಳಗೆ ಈ ಪುಡಿ ಮತ್ತೆ ಒದ್ದೆಯಾಗಿ ಕೆಲಸ ಮುಂದುವರಿಸುತ್ತದೆ.

ಒಂದು ಮಾತನ್ನು ನೆನಪಿಡಿ. ಬ್ಯಾಟರಿ ಪೂರ್ತಿ ಬರಿದಾಗಿದೆ, ಇನ್ನು ಭಯವಿಲ್ಲ ಎಂದುಕೊಳ್ಳುವುದು ತಪ್ಪು. ವಿದ್ಯುತ್ತು ಮುಗಿದರೂ ಕ್ಷಾರ ಒಳಗೇ ಇರುತ್ತದೆ. ಹಾಗೆಯೇ ಮೀಟರ್ 3.6 ವೋಲ್ಟ್ ತೋರಿಸಿತೆಂದು ಅದು ಸೋರುತ್ತಿಲ್ಲವೆಂದೂ ತಿಳಿಯಬಾರದು.

ಕೂದಲೆಳೆಗಿಂತ ತೆಳುವಾದ ತಾಮ್ರ

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಮುದ್ರಿತ ಮಂಡಲ ಫಲಕಗಳು, ಅಂದರೆ ಪಿಸಿಬಿಗಳು ತಯಾರಾಗುತ್ತವೆ ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅಲ್ಲಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು 1999ರಲ್ಲಿ ಆಸ್ಟ್ರಿಯಾ ದೇಶದ ಎಟಿ ಅಂಡ್ ಎಸ್ ಕಂಪನಿ ವಹಿಸಿಕೊಂಡಿತು. ರಸಬಾಳೆಗೂ ಶ್ರೀಕಂಠೇಶ್ವರನಿಗೂ ಹೆಸರಾದ ಊರು ಈ ಫಲಕಗಳ ಊರೂ ಹೌದು.

ಪಿಸಿಬಿ ಎಂದರೆ ಗಾಜಿನ ನಾರು ಮತ್ತು ಅಂಟು ಸೇರಿಸಿ ಮಾಡಿದ ಹಲಗೆ. ಅದರ ಮೇಲೆ ತಾಮ್ರದ ಹಾಳೆ ಅಂಟಿಸಿ, ಬೇಕಾದ ಗೆರೆಗಳನ್ನು ಮಾತ್ರ ಉಳಿಸಿ ಮಿಕ್ಕ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸುತ್ತಾರೆ. ಒಂದು ಪದರದಿಂದ ಇನ್ನೊಂದಕ್ಕೆ ಹೋಗಲು ಸಣ್ಣ ತೂತು ಕೊರೆದು, ಒಳಗೋಡೆಗೂ ತಾಮ್ರ ಲೇಪಿಸುತ್ತಾರೆ. ಮೇಲೆ ಹಸಿರು ಬಣ್ಣದ ರಕ್ಷಾಲೇಪ. ಈ ತಾಮ್ರದ ದಪ್ಪ ಸಾಮಾನ್ಯವಾಗಿ 35 ಮೈಕ್ರೋಮೀಟರ್, ನಿಮ್ಮ ತಲೆಗೂದಲಿನ ಸುಮಾರು ಅರ್ಧದಷ್ಟು.

ನಿಮ್ಮ ಮನೆಯ ತಾಮ್ರದ ಚೊಂಬಿಗೆ ಕಿಲುಬು ಹಿಡಿದರೆ ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಪ್ರತಿ ಸಲವೂ ಕಿಲುಬಿನ ಜೊತೆ ಒಂದಿಷ್ಟು ತಾಮ್ರವೂ ಹೋಗುತ್ತದೆ. ಚೊಂಬು ದಪ್ಪವಿರುವುದರಿಂದ ನಷ್ಟ ಕಾಣುವುದಿಲ್ಲ. ಪಿಸಿಬಿಯ ಗೆರೆಗೆ ಅಂಥ ಬಂಡವಾಳವಿಲ್ಲ. ಅಲ್ಲಿ ಕಿಲುಬು ಹಿಡಿಯಿತೆಂದರೆ ತಂತಿಯೇ ಕಡಿದಂತೆ. ತೂತುಗಳ ಒಳಗೋಡೆ ಇನ್ನೂ ತೆಳು. ಕ್ಷಾರ ಅಲ್ಲಿಗೆ ಇಳಿದರೆ ಹೊರಗಿನಿಂದ ಕಾಣುವುದೂ ಇಲ್ಲ.

ಬೆಸುಗೆಯ ಗತಿಯೂ ಅಷ್ಟೆ. ಅದು ತವರ ಮತ್ತು ಸೀಸದ ಮಿಶ್ರಣ. ಸತು, ಅಲ್ಯೂಮಿನಿಯಂ ಲೋಹಗಳು ಆಮ್ಲದೊಡನೆಯೂ ಕ್ಷಾರದೊಡನೆಯೂ ವರ್ತಿಸುತ್ತವೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ತವರ, ಸೀಸಗಳಿಗೂ ಈ ಗುಣವಿದೆ. ಆದ್ದರಿಂದಲೇ ಕ್ಷಾರ ತಾಗಿದ ಬೆಸುಗೆ ಹೊಳಪು ಕಳೆದುಕೊಂಡು ಬೂದುಬಣ್ಣಕ್ಕೆ ತಿರುಗುತ್ತದೆ. ಹೊಳಪು ಹೋದ ಬೆಸುಗೆ ಕಂಡರೆ ಅದೇ ಮೊದಲ ಎಚ್ಚರಿಕೆ. ಹಸಿರು ಕಾಣುವವರೆಗೆ ಕಾಯಬೇಡಿ.

ಮುಂಚೆಯೇ ಮಾಡಬೇಕಾದದ್ದು

ಮೊದಲು, ಯಂತ್ರ ಇನ್ನೂ ನಡೆಯುತ್ತಿದ್ದರೆ ಅದರ 'ಸೆಟಪ್' ಪುಟ ತೆರೆದು ಹಾರ್ಡ್ ಡಿಸ್ಕಿನ ಅಂಕಿಗಳನ್ನು ಬರೆದುಕೊಳ್ಳಿ. ಸಿಲಿಂಡರ್ ಎಷ್ಟು, ಹೆಡ್ ಎಷ್ಟು, ಸೆಕ್ಟರ್ ಎಷ್ಟು? ಚೀಟಿಯನ್ನು ಮುಚ್ಚಳದ ಒಳಗೆ ಅಂಟಿಸಿ. ಬ್ಯಾಟರಿ ತೆಗೆದ ಕೂಡಲೇ ಯಂತ್ರ ಇವನ್ನು ಮರೆಯುತ್ತದೆ. ದಿನಾಂಕವೂ ಡಾಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ 1980ರ ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ಹೆದರಬೇಕಿಲ್ಲ. ಪ್ರತಿ ಸಲ ಅಂಕಿಗಳನ್ನು ತುಂಬಿದರೆ ಇಂಥ ಹೆಚ್ಚಿನ ಯಂತ್ರಗಳು ಬ್ಯಾಟರಿಯಿಲ್ಲದೆಯೂ ನಡೆಯುತ್ತವೆ.

ಎರಡನೆಯದು, ವಿದ್ಯುತ್ತಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಮುಚ್ಚಳಕ್ಕೆ ಕೈ ಹಾಕಿ. ಹಿರಿಯರೊಬ್ಬರು ಜೊತೆಯಲ್ಲಿರಲಿ. ಹಳೆಯ ಮಾನಿಟರನ್ನೂ ಒಳಗಿನ ಪವರ್ ಸಪ್ಲೈ ಡಬ್ಬಿಯನ್ನೂ ಎಂದಿಗೂ ಬಿಚ್ಚಬೇಡಿ. ನಮ್ಮ ಮನೆಗಳ 230 ವೋಲ್ಟ್ ವಿದ್ಯುತ್ತು ಆ ಡಬ್ಬಿಯೊಳಗೆ ಸುಮಾರು 325 ವೋಲ್ಟ್ ಆಗಿ ಶೇಖರವಾಗಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಕಾಲ ಉಳಿದಿರಬಹುದು. ಮಾನಿಟರಿನೊಳಗೆ ಇದಕ್ಕಿಂತ ಬಹಳ ಹೆಚ್ಚು.

ಮೂರನೆಯದು, ಬ್ಯಾಟರಿಯನ್ನು ತೆಗೆಯುವುದು. ಹೋಲ್ಡರಿನಲ್ಲಿ ಕೂರಿಸಿದ ನಾಣ್ಯದಾಕಾರದ ಶೆಲ್ಲಾದರೆ ಮೆಲ್ಲಗೆ ಎತ್ತಿದರೆ ಸಾಕು. ಬೆಸುಗೆ ಹಾಕಿದ್ದಾದರೆ ಸಣ್ಣ ಕಟರಿನಿಂದ ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು ಕತ್ತರಿಸಿ. ಎರಡನ್ನೂ ಒಟ್ಟಿಗೆ ಹಿಡಿದರೆ ಶಾರ್ಟ್ ಆಗುತ್ತದೆ. ಜಗ್ಗಿ ಕೀಳಬೇಡಿ, ತಾಮ್ರವೂ ಕಿತ್ತು ಬಂದೀತು.

ನಾಲ್ಕನೆಯದು, ಬದಲಿ ಬೇಕೆಂದರೆ ಯೋಚಿಸಿ ಹಾಕಿ. ನಿಕಲ್-ಕ್ಯಾಡ್ಮಿಯಂ ಇದ್ದ ಜಾಗದಲ್ಲಿ ಯಂತ್ರ ಬ್ಯಾಟರಿಗೆ ಚಾರ್ಜ್ ಕಳಿಸುತ್ತಿರುತ್ತದೆ. ಸಿಆರ್ 2032 ಎಂಬ ಲಿಥಿಯಂ ಶೆಲ್ಲು ಚಾರ್ಜ್ ಮಾಡಬಾರದ ಬಗೆಯದು. ಚಾರ್ಜ್ ಆದರೆ ಬಿಸಿಯಾಗಿ ಒಡೆಯಬಹುದು. ಹಿಮ್ಮುಖ ಪ್ರವಾಹ ತಡೆಯಲು ನಡುವೆ ಒಂದು ಡಯೋಡ್ ಇರಲೇಬೇಕು. ರೇಡಿಯೋ, ಟಿವಿ ರಿಪೇರಿ ಬಲ್ಲವರಿಂದ ಇದನ್ನು ಮಾಡಿಸಿ. ಹೊಸ ಶೆಲ್ಲನ್ನು ತಂತಿಯ ತುದಿಯ ಹೋಲ್ಡರಿನಲ್ಲಿಟ್ಟು ಬೋರ್ಡಿನಿಂದ ದೂರ ಇರಿಸಿ. 1984ರ ಆ ಹಳೆಯ ಪದ್ಧತಿಯೇ ಮೇಲು.

ಕೊನೆಯದಾಗಿ, ಯಂತ್ರವನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗಾಳಿಯಾಡುವ ಕಡೆ ಇಡಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಮುಚ್ಚಳ ತೆಗೆದು ನೋಡಿ. ಆಯುಧಪೂಜೆಯ ದಿನ ಹೇಗೂ ಎಲ್ಲ ಯಂತ್ರಗಳನ್ನೂ ಒರೆಸುತ್ತೇವೆ. ಅಂದು ಇದನ್ನೂ ನೋಡುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ.

ಆಗಲೇ ಸೋರಿದ್ದರೆ

ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕ್ಷಾರ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಬಿದ್ದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ಪುಡಿಯನ್ನು ಊದಬೇಡಿ. ಒದ್ದೆ ಮಾಡಿದ ಹತ್ತಿಯಿಂದ ಒರೆಸಿ ತೆಗೆಯಿರಿ.

ಬ್ಯಾಟರಿ ತೆಗೆದ ಮೇಲೆ, ನೀರು ಬೆರೆಸಿದ ಬಿಳಿ ವಿನೆಗರನ್ನು ಹತ್ತಿಯ ಕಡ್ಡಿಯಲ್ಲಿ ಅದ್ದಿ ಕಲೆಯ ಮೇಲೆ ಹಚ್ಚಿ. ಗುಳ್ಳೆ ಏಳುವುದನ್ನು ನೋಡುವಿರಿ. ಕಾರ್ಬೊನೇಟಿನೊಡನೆ ಆಮ್ಲ ಸೇರಿ ಇಂಗಾಲದ ಡೈಆಕ್ಸೈಡ್ ಬರುತ್ತಿದೆ. ನಿಮ್ಮ ಪಠ್ಯಪುಸ್ತಕದ ತಟಸ್ಥೀಕರಣ ಇದೇ. ಗುಳ್ಳೆ ನಿಂತ ಮೇಲೆ ಆಮ್ಲವನ್ನು ಅಲ್ಲೇ ಬಿಡಬಾರದು, ಅದೂ ತಾಮ್ರವನ್ನು ತಿನ್ನುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಿಂದ ಎರಡು ಮೂರು ಸಲ ತೊಳೆಯಿರಿ. ನಂತರ ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಎರಡು ದಿನ ನೆರಳಿನಲ್ಲಿ ಒಣಗಿಸಿ. ಆಲ್ಕೊಹಾಲ್ ಬಳಸುವಾಗ ಹತ್ತಿರ ಬೆಂಕಿ ಬೇಡ.

ಹುಣಸೆಹಣ್ಣು ಚೊಂಬಿಗೆ ಸರಿ, ಬೋರ್ಡಿಗೆ ಬೇಡ. ಅದರ ತಿರುಳು, ಸಕ್ಕರೆ ಸಂದಿಗಳಲ್ಲಿ ಉಳಿದು ತೇವ ಹಿಡಿದಿಡುತ್ತವೆ. ಟಾರ್ಚಿನ ಸತು-ಇಂಗಾಲದ ಶೆಲ್ಲಿಗೆ ವಿನೆಗರ್ ಬೇಡ. ಅಲ್ಲಿ ಸೋರಿದ್ದು ಆಮ್ಲೀಯ, ಆದ್ದರಿಂದ ಅಡುಗೆ ಸೋಡಾ ಕರಗಿಸಿದ ನೀರು ಬಳಸಬೇಕು. ಸೋರಿದ್ದು ಯಾವುದೆಂದು ತಿಳಿಯದಿದ್ದರೆ ಲಿಟ್ಮಸ್ ಕಾಗದ ಹೇಳುತ್ತದೆ.

ಒಣಗಿದ ಮೇಲೆ ಮಲ್ಟಿಮೀಟರಿನಿಂದ ಒಂದೊಂದೇ ಗೆರೆಯನ್ನು ಪರೀಕ್ಷಿಸಿ, ಕಡಿದದ್ದಕ್ಕೆ ತೆಳು ತಂತಿ ಬೆಸೆಯಬಹುದು. ತಾಳ್ಮೆಯ ಕೆಲಸ, ಆದರೆ ಆಗದ ಕೆಲಸವಲ್ಲ.

ತೆಗೆದ ಬ್ಯಾಟರಿ ಎಲ್ಲಿಗೆ?

ತಿಪ್ಪೆಗೂ ಅಲ್ಲ, ಹೊಳೆಗೂ ಅಲ್ಲ, ಒಲೆಗೂ ಅಲ್ಲ. ಕ್ಯಾಡ್ಮಿಯಂ ಮೂತ್ರಪಿಂಡಗಳಿಗೆ ಹಾನಿ ಮಾಡುವ ವಿಷಲೋಹ, ದೇಹ ಸೇರಿದರೆ ಬಹುಕಾಲ ಹೋಗುವುದಿಲ್ಲ. ನಂಜನಗೂಡಿನಲ್ಲಿ ಕಪಿಲೆಗೆ ಬಿಟ್ಟದ್ದು ಟಿ. ನರಸೀಪುರದ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಅಲ್ಲಿಂದ ಮುಂದೆ ಎಷ್ಟು ಊರು ಆ ನೀರು ಕುಡಿಯುತ್ತವೆ ಎಂಬುದನ್ನು ಭೂಪಟ ನೋಡಿ ನೀವೇ ಲೆಕ್ಕ ಹಾಕಿ. ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಗಳನ್ನು ಬೇರೆಯಾಗಿ ಸಂಗ್ರಹಿಸಿ ಮರುಬಳಕೆಗೆ ಕಳಿಸಬೇಕೆನ್ನುತ್ತವೆ. ತುದಿಗಳಿಗೆ ಟೇಪ್ ಸುತ್ತಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.

ಆ ಹಳ್ಳಿಯ ಹೆಸರುಗಳು ಏನಾದವು?

ಟಿ. ನರಸೀಪುರದ ಯಂತ್ರ ಬದುಕಲಿಲ್ಲ. ಆದರೆ ಅದರ ಹಾರ್ಡ್ ಡಿಸ್ಕ್ ಬ್ಯಾಟರಿಯಿಂದ ದೂರ, ಕಬ್ಬಿಣದ ಗೂಡಿನಲ್ಲಿ ಕ್ಷೇಮವಾಗಿತ್ತು. ಇಂದಿನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದೆವು. ಇಷ್ಟು ಹಳೆಯ ಡಿಸ್ಕುಗಳ ಭಾಷೆ ಈಗಿನ ಹಲವು ಯುಎಸ್‌ಬಿ ಜೋಡಣೆಗಳಿಗೆ ಅರ್ಥವಾಗುವುದಿಲ್ಲ. ಆಗ ನೆನಪಾದದ್ದು ಮೇಷ್ಟ್ರ ಯಂತ್ರ.

ಡಿಸ್ಕನ್ನು ನಂಜನಗೂಡಿಗೆ ಒಯ್ದೆವು. ಅಳತೆ ಎಷ್ಟು? ಸಂಸ್ಥೆಯ ಅಟೆಂಡರ್ ಹಳೆಯ ದಾಸ್ತಾನು ಪುಸ್ತಕ ಹುಡುಕಿ ತಂದರು. ಯಂತ್ರ ಬಂದ ದಿನ ಯಾರೋ ಪೆನ್ಸಿಲ್ಲಿನಲ್ಲಿ ಬರೆದಿದ್ದರು: 977, 5, 17. ಮೂರನ್ನೂ ಗುಣಿಸಿ, ಒಂದು ಸೆಕ್ಟರಿಗೆ 512 ಬೈಟ್‌ನಂತೆ ಲೆಕ್ಕ ಹಾಕಿ ನೋಡಿ. ಸುಮಾರು 4 ಕೋಟಿ 25 ಲಕ್ಷ ಬೈಟ್ ಬರುತ್ತದೆ. ಆಗಿನ ಕಾಲದ '40 ಎಂಬಿ' ಡಿಸ್ಕ್ ಅದೇ. ಅಂಕಿಗಳನ್ನು ತುಂಬಿ ಕಾದೆವು. ಡಿಸ್ಕ್ ಗುಂಯ್ ಎಂದು ತಿರುಗಿತು, ಕಡತಗಳ ಪಟ್ಟಿ ಪರದೆಗೆ ಬಂತು.

ಪಟ್ಟಿಯನ್ನು ಬಿಟ್ಟರೆ ಒಳಗಿನದೆಲ್ಲ ವಿಚಿತ್ರ ಚಿಹ್ನೆಗಳು. ಅದನ್ನು ಬರೆದದ್ದು ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಬಳಸಿ, ಇಸ್ಕಿ ಎಂಬ ಸಂಕೇತದಲ್ಲಿ. 1991ರಲ್ಲಿ ಭಾರತೀಯ ಮಾನಕವಾದ ಸಂಕೇತ ಅದು. ಇಂದಿನ ಯೂನಿಕೋಡಿನ ಕನ್ನಡ ವಿಭಾಗ ರೂಪುಗೊಂಡದ್ದೂ ಇಸ್ಕಿಯ ಕ್ರಮವನ್ನು ಅನುಸರಿಸಿಯೇ. ಆದ್ದರಿಂದ ಪರಿವರ್ತನೆ ಕಷ್ಟವಾಗಲಿಲ್ಲ. ಫ್ಲಾಪಿಗಳಲ್ಲಿ ತುಂಬಿಸಿ ತಂದು ಬದಲಾಯಿಸಿದಾಗ ಕೆರೆಗಳ, ಕಟ್ಟೆಗಳ ಹೆಸರುಗಳು ಒಂದೊಂದಾಗಿ ಕನ್ನಡದಲ್ಲಿ ಮೂಡಿದವು. ಒಂದೆರಡು ಕಡತ ಹಾಳಾಗಿದ್ದವು. ಉಳಿದವು ಬಂದವು. ಈಗ ಅವು ಮೂರು ಕಡೆ ಪ್ರತಿಯಾಗಿವೆ.

ಮೇಷ್ಟ್ರು 2003ರಲ್ಲಿ ಆ ಎರಡು ತಂತಿ ಕತ್ತರಿಸದಿದ್ದರೆ ಆ ದಿನ ನಮಗೆ ಬೇರೆ ದಾರಿ ಸಿಗುತ್ತಿತ್ತೋ ಇಲ್ಲವೋ. ನಿಮ್ಮ ಶಾಲೆಯಲ್ಲಿ, ಕಾಲೇಜಿನಲ್ಲಿ, ಪಂಚಾಯಿತಿ ಕಚೇರಿಯಲ್ಲಿ, ನಿಮ್ಮದೇ ಮನೆಯಲ್ಲಿ ಇಂಥ ಪೆಟ್ಟಿಗೆಯೊಂದು ಇರಬಹುದು. ಬರುವ ಭಾನುವಾರ ಹಿರಿಯರನ್ನು ಕೇಳಿ, ಒಪ್ಪಿಗೆ ಪಡೆದು, ಅದರ ಮುಚ್ಚಳ ತೆಗೆದು ನೋಡಿ.

ಮಾಡಿ ನೋಡಿ, ಚರ್ಚಿಸಿ

1. ಕಿಲುಬು ಹಿಡಿದ ತಾಮ್ರದ ತಂತಿಯ ಎರಡು ತುಂಡು ತೆಗೆದುಕೊಳ್ಳಿ. ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಹುಣಸೆರಸದಲ್ಲಿ ಒಂದು ಗಂಟೆ ಇಡಿ. ಏನು ವ್ಯತ್ಯಾಸ? ಕಾರಣವೇನು?

2. ನಿಮ್ಮ ಮನೆಯಲ್ಲಿ ಶೆಲ್ಲು ಇರುವ ವಸ್ತುಗಳನ್ನು ಪಟ್ಟಿ ಮಾಡಿ: ಗಡಿಯಾರ, ರಿಮೋಟ್, ಕ್ಯಾಲ್ಕುಲೇಟರ್, ಅಜ್ಜನ ಟ್ರಾನ್ಸಿಸ್ಟರ್. ಆರು ತಿಂಗಳಿಂದ ಬಳಸದವು ಎಷ್ಟು? ಅವುಗಳ ಶೆಲ್ಲು ತೆಗೆದಿಡಿ.

3. ಸೋರಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗೆ ವಿನೆಗರ್, ಸತು-ಇಂಗಾಲದ ಶೆಲ್ಲಿಗೆ ಅಡುಗೆ ಸೋಡಾ. ಏಕೆ?

4. ನಿಮ್ಮ ಊರಿನಲ್ಲಿ ಹಳೆಯ ಗಣಕಯಂತ್ರದಲ್ಲಿ ಮಾತ್ರ ಉಳಿದಿರುವ ಬರಹಗಳು ಯಾರ ಬಳಿ ಇರಬಹುದು? ವಿಚಾರಿಸಿ ಬನ್ನಿ.